ಎರಡನೇ ನಾಯಿ ಮೊದಲನೆಯದಕ್ಕೆ ಔಷಧಿಯಲ್ಲ

ಸಾಕಿದ ನಾಯಿ ಯಾರ ಹತ್ತಿರವೂ ಬರುವುದಿಲ್ಲ, ಕರೆದರೆ ಒಮ್ಮೆ ತಿರುಗಿ ನೋಡಿ ಸುಮ್ಮನಾಗುತ್ತದೆ, ಮುದ್ದು ಮಾಡಲು ಹೋದರೆ ಎದ್ದು ಆಚೆ ಹೋಗುತ್ತದೆ ಎಂದು ಮನೆಯವರು ಬೇಸರಪಟ್ಟರೆ ಸಾಕು, ಸಲಹೆ ಸಿದ್ಧವಿರುತ್ತದೆ: "ಜೋಡಿಗೆ ಇನ್ನೊಂದು ತಂದುಬಿಡ್ರಿ, ಎಲ್ಲಾ ಸರಿ ಆಗ್ತದ." ಈ ಸಲಹೆಯನ್ನು ನಾನು ಒಪ್ಪುವುದಿಲ್ಲ. ಅದನ್ನು ನಂಬಿ ತಂದ ಮರಿಗಳ ಗತಿ ಏನಾಯಿತೆಂದು ನಮ್ಮ ಓಣಿಯಲ್ಲೇ ಕಂಡಿದ್ದೇನೆ. ಆದ್ದರಿಂದ ಸ್ವಲ್ಪ ಗಟ್ಟಿಯಾಗಿಯೇ ಹೇಳಬೇಕಾಗಿದೆ.

ನಾನು ಧಾರವಾಡದಲ್ಲಿ ಹೈಸ್ಕೂಲು ಮಕ್ಕಳಿಗೆ ಜೀವಶಾಸ್ತ್ರ ಕಲಿಸಿ ನಿವೃತ್ತಳಾದವಳು. ಮನೆಯಲ್ಲಿ ಎರಡು ನಾಯಿಗಳಿವೆ. ಚಂದ್ರಿ ಮುಧೋಳ ತಳಿಯ ಹೆಣ್ಣು, ಗುಂಡ ಬೀದಿಯಿಂದ ಬಂದವನು. ಇಬ್ಬರನ್ನೂ ಕಂಡವರು, ಚಂದ್ರಿಯ ಬಿಗುಮಾನ ಮುರಿಯಲೆಂದೇ ಗುಂಡನನ್ನು ತಂದೆನೆಂದು ತಿಳಿದಿದ್ದಾರೆ. ಹಾಗಾಗಿ ಹಳೆಯ ವಿದ್ಯಾರ್ಥಿಗಳು, ಅವರ ತಾಯಂದಿರು ಬಂದು ಕೇಳುತ್ತಾರೆ: "ಅಕ್ಕೋರ, ನಮ್ಮ ನಾಯಿ ಯಾರನ್ನೂ ಹಚ್ಚಿಕೊಳ್ಳಾಂಗಿಲ್ರಿ. ನಿಮ್ಮಂಗ ಇನ್ನೊಂದು ತರೋಣೇನ್ರಿ?"

ಮೊದಲು ಚಂದ್ರಿಯ ವಿಷಯ. ನಾನು ಪೇಟೆಯಿಂದ ಬಂದರೆ ಅವಳು ಓಡಿ ಬಂದು ಮೈಮೇಲೆ ಎರಗುವುದಿಲ್ಲ. ಎದ್ದು ಬಂದು, ನನ್ನ ಕೈಯನ್ನು ಮೂಸಿ, ಮತ್ತೆ ವರಾಂಡದಲ್ಲಿ ಗೇಟು ಕಾಣುವ ಜಾಗಕ್ಕೆ ಹೋಗಿ ಮಲಗುತ್ತಾಳೆ. ಅತಿಥಿಗಳು ತಲೆ ಸವರಲು ಕೈ ಚಾಚಿದರೆ ಕುತ್ತಿಗೆಯನ್ನು ಹಿಂದಕ್ಕೆಳೆದುಕೊಳ್ಳುತ್ತಾಳೆ. ಆದರೆ ನಾನು ಅಡುಗೆಮನೆಗೆ ಹೋದ ಸ್ವಲ್ಪ ಹೊತ್ತಿಗೆ ಅವಳು ಅಡುಗೆಮನೆಯ ಹೊಸ್ತಿಲಾಚೆ ಇರುತ್ತಾಳೆ. ಹಿತ್ತಲಿಗೆ ಹೋದರೆ ಹಿತ್ತಲ ಬಾಗಿಲಲ್ಲಿ. ಮುಟ್ಟುವಷ್ಟು ಹತ್ತಿರವಲ್ಲ, ಕಣ್ಣಿಗೆ ಮರೆಯಾಗುವಷ್ಟು ದೂರವೂ ಅಲ್ಲ. ಇದನ್ನು ಪ್ರೀತಿಯಲ್ಲ ಎಂದು ಹೇಳಲು ನನಗೆ ಯಾವ ಕಾರಣವೂ ಕಾಣುವುದಿಲ್ಲ.

ಬಾಗಲಕೋಟೆ ಜಿಲ್ಲೆಯ ಮುಧೋಳ ಸೀಮೆಯಲ್ಲಿ ಈ ನಾಯಿಯನ್ನು ಬೆಳೆಸಿದ್ದೇ ಬೇರೆ ಕೆಲಸಕ್ಕೆ. ಬಯಲಿನಲ್ಲಿ ದೂರದ ಬೇಟೆಯನ್ನು ಕಣ್ಣಿನಿಂದ ಹಿಡಿದು, ಯಜಮಾನನ ಅಪ್ಪಣೆಗೆ ಕಾಯದೆ ಬೆನ್ನಟ್ಟಬೇಕು. ಓಡುವಾಗ ಎಲ್ಲಿ ತಿರುಗಬೇಕು ಎಂಬುದನ್ನು ತಾನೇ ತೀರ್ಮಾನಿಸಬೇಕು. ಮುಧೋಳ ಸಂಸ್ಥಾನದ ಮಾಲೋಜಿರಾವ್ ಘೋರ್ಪಡೆಯವರು ಐದನೇ ಜಾರ್ಜ್ ದೊರೆಗೆ ಇದರ ಜೋಡಿಯನ್ನು ಉಡುಗೊರೆ ಕೊಟ್ಟಿದ್ದರು. 2005ರಲ್ಲಿ ಅಂಚೆ ಇಲಾಖೆ ಇದರ ಚೀಟಿ ತಂದಿತು. ಆಮೇಲೆ ಸೇನೆಯವರೂ ತರಬೇತಿಗೆಂದು ಮರಿಗಳನ್ನು ಮೀರತ್‌ಗೆ ಒಯ್ದರು. ಮುಧೋಳದ ಹತ್ತಿರ ತಿಮ್ಮಾಪುರದಲ್ಲಿ ಪಶುವೈದ್ಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರವೇ ಇದೆ. ಇಷ್ಟೆಲ್ಲ ಹೆಮ್ಮೆಪಡುವ ನಾವು, ಅದೇ ತಳಿಯ ಮರಿಯನ್ನು ಮನೆಗೆ ತಂದು, ಅದು ಸೋಫಾದ ಮೇಲೆ ನಮ್ಮ ತೊಡೆಗೆ ತಲೆಯಿಡಲಿಲ್ಲ ಎಂದು ದೂರುತ್ತೇವೆ.

ಅಳತೆಗೋಲು ಲ್ಯಾಬ್ರಡಾರಿನದು. ಆ ತಳಿ ರೂಪುಗೊಂಡದ್ದು ಬೇಟೆಗಾರನ ಪಕ್ಕದಲ್ಲಿದ್ದು, ಬಿದ್ದ ಹಕ್ಕಿಯನ್ನು ಬಾಯಲ್ಲಿ ಮೆತ್ತಗೆ ಹಿಡಿದು ತಂದು ಅವನ ಕೈಗೊಪ್ಪಿಸುವುದಕ್ಕೆ. ಮನುಷ್ಯನ ಮುಖ ನೋಡುತ್ತಾ ಇರುವುದೇ ಅದರ ಕಸುಬು. 2022ರಲ್ಲಿ ಬಂದ '777 ಚಾರ್ಲಿ' ನೋಡಿ ನಾನೂ ಅತ್ತಿದ್ದೇನೆ, ಒಳ್ಳೆಯ ಚಿತ್ರ. ಆದರೆ ಅಲ್ಲಿ ಯಾರನ್ನೂ ಹತ್ತಿರ ಸೇರಿಸದೆ ಇದ್ದವನು ಮನುಷ್ಯ, ಅವನನ್ನು ಬಿಡದೆ ಹಚ್ಚಿಕೊಂಡದ್ದು ಲ್ಯಾಬ್ರಡಾರ್. ಎಲ್ಲ ನಾಯಿಯೂ ಚಾರ್ಲಿಯಂತಿರಬೇಕೆಂಬ ಆಸೆಯನ್ನು ಥಿಯೇಟರಿನಿಂದ ಮನೆಗೆ ತಂದರೆ ಮನೆಯ ನಾಯಿಗೆ ಅನ್ಯಾಯವಾಗುತ್ತದೆ.

ಇಲ್ಲಿ ಒಂದು ವ್ಯತ್ಯಾಸವನ್ನು ಮಾತ್ರ ದಯವಿಟ್ಟು ಗಮನಿಸಿ. ನಾಯಿ ಮರಿಯಾಗಿದ್ದಾಗಿನಿಂದಲೂ ಹೀಗಿದ್ದರೆ ಅದು ಅದರ ಗುಣ. ಕಳೆದ ತಿಂಗಳಿನಿಂದ ಹೀಗಾಗಿದ್ದರೆ ಅದು ರೋಗಲಕ್ಷಣ ಇರಬಹುದು. ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ಮನೆಯ ನಾಯಿ ಗೇಟಿನವರೆಗೆ ಬರುವುದನ್ನು ಬಿಟ್ಟಿತ್ತು. ಮಂಚದ ಕೆಳಗೇ ಇರುತ್ತಿತ್ತು. "ಒಂಟಿಯಾಗೇದ್ರಿ ಅಕ್ಕೋರ" ಎಂದು ಅವನು ಒಂದು ಮರಿಗೆ ಮುಂಗಡವನ್ನೂ ಕೊಟ್ಟಾಗಿತ್ತು. ನಾನು ಹೋಗಿ ನೋಡಿದಾಗ ನಾಯಿಯ ವಸಡು ಬಿಳಿಚಿಕೊಂಡಿತ್ತು, ಕಿವಿಯೊಳಗೆ ಉಣ್ಣಿಗಳಿದ್ದವು. ಅದೇ ದಿನ ರಕ್ತಪರೀಕ್ಷೆ ಮಾಡಿಸಿದ. ಪ್ಲೇಟ್‌ಲೆಟ್ ತೀರ ಕಡಿಮೆಯಾಗಿತ್ತು. ಎರ್ಲಿಕಿಯಾ, ಅಂದರೆ ಉಣ್ಣಿಯಿಂದ ಬರುವ ಜ್ವರ. ಡಾಕ್ಸಿಸೈಕ್ಲಿನ್ ಮಾತ್ರೆಯನ್ನು ವೈದ್ಯರು ಹೇಳಿದಂತೆ ನಾಲ್ಕು ವಾರ ತಪ್ಪದೆ ಕೊಟ್ಟರು. ಗೋಡೆಯ ಬಿರುಕುಗಳಲ್ಲಿ ಅಡಗಿದ್ದ ಉಣ್ಣಿಗಳಿಗೂ ಔಷಧಿ ಹೊಡೆಸಿದರು, ಏಕೆಂದರೆ ಮೈಮೇಲಿನದನ್ನು ಮಾತ್ರ ಕಿತ್ತರೆ ಅದು ಮುಗಿಯುವುದಿಲ್ಲ. ನಾಯಿ ಮತ್ತೆ ಗೇಟಿಗೆ ಬಂತು. ಆ ಹೊತ್ತಿನಲ್ಲಿ ಆ ಮನೆಗೆ ಒಂದು ಮರಿ ಬಂದಿದ್ದರೆ ಏನಾಗುತ್ತಿತ್ತು? ಅದಕ್ಕೂ ಉಣ್ಣಿ ಹತ್ತುತ್ತಿತ್ತು, ಹಿರಿಯ ನಾಯಿಯ ಕಾಯಿಲೆ "ಹೊಟ್ಟೆಕಿಚ್ಚು" ಎನಿಸಿಕೊಳ್ಳುತ್ತಿತ್ತು. ಹಲ್ಲಿನ ಕೀವು, ಸೊಂಟದ ನೋವು, ಕುಂದುತ್ತಿರುವ ಕಿವಿ, ಕಣ್ಣಿನ ಪೊರೆ ಇವು ಕೂಡ ನಾಯಿಯನ್ನು ಮೂಲೆಗೆ ಸೇರಿಸುತ್ತವೆ. ಪಶುವೈದ್ಯರ ಬಳಿ ಹೋಗದೆ ಮರಿ ಮಾರುವವರ ಬಳಿ ಹೋಗುವುದು ದೊಡ್ಡ ತಪ್ಪು.

ಸರಿ, ಆರೋಗ್ಯವಾಗಿಯೇ ಇದ್ದು ಸ್ವಭಾವತಃ ದೂರ ಇರುವ ನಾಯಿಗೆ ಮರಿಯೊಂದನ್ನು ತಂದುಕೊಟ್ಟರೆ? ಮರಿ ಅದರ ಕಿವಿ ಕಚ್ಚುತ್ತದೆ, ಬಾಲ ಎಳೆಯುತ್ತದೆ, ಮಲಗಿದಲ್ಲಿ ಹತ್ತುತ್ತದೆ. ಹಿರಿಯದು ಮೊದಲು ಮುಖ ತಿರುಗಿಸುತ್ತದೆ, ಆಮೇಲೆ ಎದ್ದು ಹೋಗುತ್ತದೆ, ಕೊನೆಗೆ ಗುರ್ರೆನ್ನುತ್ತದೆ. ಗುರ್ರೆಂದದ್ದಕ್ಕೆ ಮನೆಯವರು ಅದನ್ನೇ ಬಯ್ಯುತ್ತಾರೆ. ಎಚ್ಚರಿಕೆ ಕೊಡಲೂ ಬಿಡದಿದ್ದರೆ ಮುಂದಿನ ಸಲ ಅದು ಎಚ್ಚರಿಕೆ ಇಲ್ಲದೆ ಕಚ್ಚುತ್ತದೆ. ಆಗ ಇಬ್ಬರಲ್ಲಿ ಒಬ್ಬರು ಮನೆ ಬಿಡಬೇಕಾಗುತ್ತದೆ. ಊರಾಚೆಯ ಡಾಬಾಗಳ ಹಿಂದೆ, ಕೊರಳಲ್ಲಿ ಇನ್ನೂ ಬೆಲ್ಟ್ ಇರುವ ನಾಯಿಗಳನ್ನು ನೀವೂ ನೋಡಿರಬೇಕು. ಸಾಕಿದ ಪ್ರಾಣಿಯನ್ನು ಹಸಿದು ಬಾಯಾರಿ ನರಳುವಂತೆ ಬಿಟ್ಟುಹೋಗುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಲ್ಲಿ ಅಪರಾಧ. ಮೊದಲ ಸಲ ಸಿಕ್ಕಿಬಿದ್ದರೆ ಆ ಕಾಯ್ದೆ ಹಾಕುವ ದಂಡ ಹತ್ತು ರೂಪಾಯಿಯಿಂದ ಐವತ್ತು ರೂಪಾಯಿ! ಮರಿಗೆ ಸಾವಿರಗಟ್ಟಲೆ ಕೊಟ್ಟವರಿಗೆ ಅದನ್ನು ಬಿಟ್ಟುಬರಲು ಐವತ್ತು ರೂಪಾಯಿಯ ಭಯವೂ ಇಲ್ಲದಂತೆ ಇಟ್ಟಿರುವ ಕಾನೂನಿನ ಬಗ್ಗೆ ನನಗೆ ಸಿಟ್ಟಿದೆ. ಆ ಮೊತ್ತ ಬದಲಾಗಲೇಬೇಕು.

ಗುಂಡ ಬಂದದ್ದು ಚಂದ್ರಿಗಾಗಿ ಅಲ್ಲ. ಕೆಲಗೇರಿ ಕೆರೆಯ ದಂಡೆಯಲ್ಲಿ ದಿನಾ ಬೆಳಿಗ್ಗೆ ನಮ್ಮ ಹಿಂದೆ ನಡೆದು ಬರುತ್ತಿದ್ದ, ಒಂದು ಕಾಲು ಸ್ವಲ್ಪ ಕುಂಟು. ಅವನು ನನಗೆ ಬೇಕೆನಿಸಿದ. ಚಂದ್ರಿ ಅವನನ್ನು ಮೂಸಿ ನೋಡಿ ಬೆನ್ನಿನ ಕೂದಲು ನಿಮಿರಿಸದೆ ಮುಂದೆ ಹೋಗುತ್ತಿದ್ದಳು, ಅಷ್ಟು ಸಾಕಾಗಿತ್ತು. ಆಸ್ಪತ್ರೆಗೆ ಒಯ್ದು ರೇಬೀಸ್ ಲಸಿಕೆ, ಪಾರ್ವೊ ಮತ್ತು ಡಿಸ್ಟೆಂಪರ್ ಲಸಿಕೆ ಹಾಕಿಸಿ, ಎರಡು ವಾರ ಹಿತ್ತಲ ಕೋಣೆಯಲ್ಲಿ ಬೇರೆ ಇಟ್ಟೆ. ಪಾರ್ವೊ ವೈರಸ್ ಮಣ್ಣಿನಲ್ಲಿ ತಿಂಗಳುಗಟ್ಟಲೆ ಬದುಕಿರುತ್ತದೆ, ಇದರಲ್ಲಿ ಉದಾಸೀನ ಸಲ್ಲದು. ಆಮೇಲೂ ಇಬ್ಬರನ್ನೂ ಒಮ್ಮೆಲೇ ಅಂಗಳಕ್ಕೆ ಬಿಡಲಿಲ್ಲ. ಪಕ್ಕದ ಮನೆಯ ಹುಡುಗ ಅವನನ್ನು, ನಾನು ಅವಳನ್ನು ಹಿಡಿದು ಅದೇ ಕೆರೆಯ ದಂಡೆಯಲ್ಲಿ ದೂರ ದೂರ ನಡೆಸುತ್ತಾ, ದಿನ ಕಳೆದಂತೆ ಅಂತರ ಕಡಿಮೆ ಮಾಡಿದೆವು. ಊಟದ ತಟ್ಟೆ ಇಂದಿಗೂ ಬೇರೆ ಬೇರೆ ಕೋಣೆಯಲ್ಲಿ. ವರಾಂಡದ ಜಾಗ ಚಂದ್ರಿಯದೇ. ಗುಂಡ ಅಲ್ಲಿಗೆ ಹೋದರೆ ನಾನೇ ಅವನನ್ನು ಕರೆದುಕೊಂಡು ಬರುತ್ತೇನೆ.

ಚಂದ್ರಿ ಬದಲಾದಳೇ ಎಂದು ಎಲ್ಲರೂ ಕೇಳುತ್ತಾರೆ. ಇಲ್ಲ. ಗುಂಡ ಹಾಲಿನವನಿಂದ ಹಿಡಿದು ಮೀಟರ್ ನೋಡಲು ಬರುವವನವರೆಗೆ ಎಲ್ಲರ ಕಾಲಿಗೂ ಮೈಯುಜ್ಜುತ್ತಾನೆ, ಚಂದ್ರಿ ಮೊದಲಿನಂತೆಯೇ ಕುತ್ತಿಗೆ ಹಿಂದಕ್ಕೆಳೆದುಕೊಳ್ಳುತ್ತಾಳೆ. ಅವರಿಬ್ಬರೂ ಒಂದೇ ಗೋಣಿಚೀಲದ ಮೇಲೆ ಅಪ್ಪಿಕೊಂಡು ಮಲಗಿದ್ದನ್ನು ನಾನು ನೋಡಿಲ್ಲ. ಮಾರು ದೂರದಲ್ಲಿ ಮಲಗುತ್ತಾರೆ, ಜಗಳವಿಲ್ಲ. ನನಗೆ ಇದರಲ್ಲಿ ಯಾವ ಕೊರತೆಯೂ ಕಂಡಿಲ್ಲ.

ಆದ್ದರಿಂದ ಕೇಳಲು ಬಂದವರಿಗೆ ನಾನು ಹೇಳುವುದು ಇಷ್ಟು. ನಿಮ್ಮ ಮೊದಲ ನಾಯಿ ಕೂದಲೆಳೆಯಷ್ಟೂ ಬದಲಾಗದಿದ್ದರೂ ಈ ಎರಡನೆಯದು ನಿಮಗೆ ಬೇಕೇ? ಅದರ ಲಸಿಕೆ, ಸಂತಾನಹರಣ ಶಸ್ತ್ರಚಿಕಿತ್ಸೆ, ಮುಂದಿನ ಹತ್ತು ಹನ್ನೆರಡು ವರ್ಷದ ಊಟ, ಮುದಿತನದ ಆರೈಕೆ ಎಲ್ಲವನ್ನೂ ಅದಕ್ಕಾಗಿಯೇ ಮಾಡುತ್ತೀರಾ? ಹೌದು ಎಂದಾದರೆ ಮರಿ ಮಾರುವವರ ಮನೆಗೆ ಹೋಗುವ ಮೊದಲು, ನೀವು ದಿನಾ ಅಡ್ಡಾಡುವ ದಾರಿಯಲ್ಲಿ ನಿಮ್ಮ ನಾಯಿ ಯಾವ ಬೀದಿನಾಯಿಯ ಪಕ್ಕದಲ್ಲಿ ಬೆಲ್ಟ್ ಜಗ್ಗದೆ, ಬೊಗಳದೆ ಹಾದುಹೋಗುತ್ತದೆ ಎಂಬುದನ್ನು ನೋಡಿ. ಬೆಳೆದ ನಾಯಿಯ ಗುಣ ಎದುರಿಗೇ ಇರುತ್ತದೆ. ಹುಡುಕಾಟವನ್ನು ಅಲ್ಲಿಂದ ಶುರುಮಾಡಿ.