ಶನಿವಾರದ ಮ್ಯಾಚು ಯಾವುದರ ಮೆಟ್ಟಿಲೂ ಅಲ್ಲ

ಇದೇ ಶನಿವಾರ, ನವೆಂಬರ್ 29ಕ್ಕೆ, ಅಮೆರಿಕದ ಆನ್ ಆರ್ಬರ್‌ನಲ್ಲಿ ಮಿಶಿಗನ್ ಮತ್ತು ಓಹಾಯೋ ಸ್ಟೇಟ್ ಯೂನಿವರ್ಸಿಟಿಗಳ ಫುಟ್‌ಬಾಲ್ ಮ್ಯಾಚು. ಅಲ್ಲಿ ಮಧ್ಯಾಹ್ನ 12, ನಮ್ಮಲ್ಲಿ ರಾತ್ರಿ ಹತ್ತೂವರೆ. ಆಡೋದು ಕಾಲೇಜು ಹುಡುಗರು, ನೋಡೋಕೆ ಸ್ಟೇಡಿಯಮ್ಮಿನಲ್ಲಿ ಕೂರೋದು ಒಂದು ಲಕ್ಷದ ಮೇಲೆ ಜನ. 1897ರಲ್ಲಿ ಶುರುವಾದ ಈ ಜಿದ್ದಿಗೆ ಅಲ್ಲಿ ಬೇರೆ ಹೆಸರೇ ಬೇಕಿಲ್ಲ, 'ದಿ ಗೇಮ್' ಅಂದ್ರೆ ಸಾಕು.

ಆದರೆ ಈಗೊಂದು ಹೊಸ ರಾಗ ಶುರುವಾಗಿದೆ: "ಓಹಾಯೋ ಸ್ಟೇಟ್ 11ಕ್ಕೆ 11 ಗೆದ್ದಿದೆ, ಶನಿವಾರ ಸೋತರೂ ಪ್ಲೇಆಫ್‌ಗೆ ಹೋಗುತ್ತೆ. ಹಾಗಾಗಿ ಈ ಮ್ಯಾಚು ಅಷ್ಟೇನೂ ಮುಖ್ಯ ಅಲ್ಲ."

ಲೆಕ್ಕ ಸರಿ ಇದೆ, ಬುದ್ಧಿ ಸರಿ ಇಲ್ಲ.

ಹೋದ ವರ್ಷವನ್ನೇ ತಗೊಳ್ಳಿ. ಆಗ ಮಿಶಿಗನ್ 6 ಗೆದ್ದು 5 ಸೋತಿತ್ತು. ಸುಮಾರು 20 ಅಂಕದಿಂದ ಸೋಲುತ್ತೆ ಅಂತ ಪಂಡಿತರ ಲೆಕ್ಕ. ಓಹಾಯೋ ಸ್ಟೇಟ್‌ನ ಮನೆಯಂಗಳದಲ್ಲೇ 13-10ರಿಂದ ಗೆದ್ದುಬಂತು. ಮುಗಿದ ಮೇಲೆ ಮೈದಾನದ ನಡುವೆ ಬಾವುಟ ನೆಡಲು ಹೋಗಿ ಹೊಡೆದಾಟ, ಪೊಲೀಸರಿಂದ ಪೆಪ್ಪರ್ ಸ್ಪ್ರೇ. ಆಮೇಲೆ ಅದೇ ಓಹಾಯೋ ಸ್ಟೇಟ್ 12 ತಂಡಗಳ ಪ್ಲೇಆಫ್‌ನಲ್ಲಿ ಎಲ್ಲರನ್ನೂ ಸೋಲಿಸಿ ಜನವರಿಯಲ್ಲಿ ರಾಷ್ಟ್ರೀಯ ಚಾಂಪಿಯನ್ ಆಯ್ತು. ಸೋಲು ಮರೆತುಹೋಯ್ತಾ? ಇಲ್ಲ. ಕೋಚ್ ರಯಾನ್ ಡೇ ಹೆಸರು ಬಂದರೆ ಇವತ್ತಿಗೂ ಕಪ್ಪಿನ ಹಿಂದೆಯೇ ಮಿಶಿಗನ್ ಮುಂದೆ ಸತತ 4 ಸೋಲಿನ ಮಾತು ಬರುತ್ತೆ. ಓಹಾಯೋ ಸ್ಟೇಟ್ ಕೊನೇ ಸಲ ಗೆದ್ದಿದ್ದು 2019ರಲ್ಲಿ.

ಇದು ಹಳ್ಳಿಯಲ್ಲಿ ಬೆಳೆದವರಿಗೆ ಬಿಡಿಸಿ ಹೇಳಬೇಕಾದ ವಿಷಯವೇ ಅಲ್ಲ. ಕಬಡ್ಡಿಯಲ್ಲಿ ತಾಲ್ಲೂಕಿಗೇ ಫಸ್ಟ್ ಬಂದು ಪಕ್ಕದೂರಿನ ಕೈಲಿ ಸೋತರೆ ನಮ್ಮ ಹುಡುಗರು ಸಂತೆಗೆ ಹೋಗೋಕೂ ಹಿಂದೆ ಮುಂದೆ ನೋಡ್ತಿದ್ರು. ಕಪ್ಪು ಪಂಚಾಯ್ತಿ ಬೀರುವಿನಲ್ಲಿ ಇರುತ್ತೆ, ಪಕ್ಕದೂರಿನವನು ದಿನಾ ಬಸ್ಸಿನಲ್ಲಿ ಎದುರಿಗೇ ಕೂತಿರ್ತಾನೆ.

ಹಾಗಂತ ಹಳೆಯದೆಲ್ಲ ಚಿನ್ನ ಅಂತಲೂ ಅಲ್ಲ. 1973ರಲ್ಲಿ ಈ ಎರಡು ತಂಡ 10-10 ಸಮ ಮಾಡಿಕೊಂಡವು. ಆಗ ಬಿಗ್ ಟೆನ್ ಕಾನ್ಫರೆನ್ಸಿನಿಂದ ಒಂದೇ ತಂಡ ರೋಸ್ ಬೌಲ್‌ಗೆ ಹೋಗಬಹುದಿತ್ತು. ಅಥ್ಲೆಟಿಕ್ ಡೈರೆಕ್ಟರುಗಳು ಓಟು ಹಾಕಿ ಓಹಾಯೋ ಸ್ಟೇಟನ್ನು ಕಳಿಸಿದರು. ಇಡೀ ವರ್ಷ ಒಂದೂ ಸೋಲದ ಮಿಶಿಗನ್ ಮನೇಲಿ ಕೂತಿತು. ಅದು ಅನ್ಯಾಯವೇ. ಪ್ಲೇಆಫ್ ಬಂದದ್ದು ಒಳ್ಳೇದೇ.

ಆದರೆ ಬಾಗಿಲು ಎಷ್ಟು ಅಗಲ ಮಾಡ್ತೀರಿ? 4 ತಂಡ ಇದ್ದದ್ದು 12 ಆಯ್ತು. ಈಗ 16 ಮಾಡೋಣ, 24 ಮಾಡೋಣ ಅನ್ನೋ ಮಾತು. ಹೆಸರು ಬಿಗ್ ಟೆನ್, ತಂಡಗಳು 18! ಲಾಸ್ ಏಂಜಲೀಸ್ ಹುಡುಗರು ನ್ಯೂಜೆರ್ಸಿಯವರ ಜೊತೆ ಒಂದೇ ಕಾನ್ಫರೆನ್ಸಿನಲ್ಲಿ. ಇದು ಆಟದ ಲೆಕ್ಕ ಅಲ್ಲ ಸ್ವಾಮಿ, 2022ರಲ್ಲಿ ಸಹಿಯಾದ 700 ಕೋಟಿ ಡಾಲರಿಗೂ ಮೀರಿದ ಟಿವಿ ಒಪ್ಪಂದದ ಲೆಕ್ಕ. ಟಿವಿಯವರಿಗೆ ಡಿಸೆಂಬರ್, ಜನವರಿಯಲ್ಲಿ ಮಾರೋಕೆ ಮ್ಯಾಚು ಬೇಕು. ಅದಕ್ಕೆ ನವೆಂಬರಿನ ಸೋಲನ್ನು ಅಗ್ಗ ಮಾಡ್ತಿದ್ದಾರೆ. ಸೋತರೆ ಏನೂ ಕಳ್ಕೊಳ್ಳಲ್ಲ ಅನ್ನೋ ಆಟವನ್ನು ಎಷ್ಟು ವರ್ಷ ನೋಡ್ತಾರೆ ಜನ? 12ಕ್ಕೇ ನಿಲ್ಲಿಸಿ.

ಇನ್ನು ಶನಿವಾರದ ಮಾತು. ಈ ವರ್ಷ ದೇಶದಲ್ಲೇ ಅತಿ ಕಡಿಮೆ ಅಂಕ ಬಿಟ್ಟುಕೊಟ್ಟ ಡಿಫೆನ್ಸ್ ಓಹಾಯೋ ಸ್ಟೇಟ್‌ದು. ಅದರ ಎದುರು ಮಿಶಿಗನ್ ಕ್ವಾರ್ಟರ್‌ಬ್ಯಾಕ್ ಬ್ರೈಸ್ ಅಂಡರ್‌ವುಡ್, ಮೊದಲ ವರ್ಷದ ಹುಡುಗ. 9 ಗೆದ್ದು 2 ಸೋತಿರೋ ಮಿಶಿಗನ್ ಚೆಂಡು ಹಿಡಿದು ಓಡಿ ಓಡಿಯೇ ಗಡಿಯಾರ ತಿನ್ನಬೇಕು. ಹೋದ ವರ್ಷವೂ ಗೆದ್ದದ್ದು ಹಾಗೇ. ಕಾಗದದ ಮೇಲೆ ಓಹಾಯೋ ಸ್ಟೇಟೇ ಮುಂದೆ, ನನ್ನ ಓಟೂ ಅದಕ್ಕೇ. ಆದರೆ ಕಾಗದ ನಂಬಿದವರು ಹೋದ ವರ್ಷ ಏನಾದರು ಅಂತ ಗೊತ್ತಲ್ಲ?

ಮುಖ್ಯ ಅಲ್ಲ ಅನ್ನೋರು ಆ ಹೊತ್ತಿಗೆ ಮಲಗಲಿ. ನಾನಂತೂ ಎದ್ದಿರ್ತೀನಿ.