ಬಿಸಿಲು ಮೊಗಸಾಲೆಗೆ ಎಂಥ ಗಿಡ?

ಮನೆಯ ಮುಂದೆ ಹಸಿರಿರಬೇಕೆಂಬ ಆಸೆ ಸಹಜವಾದುದು. ಮಹಡಿಯ ಮೇಲೆ ವಾಸಿಸುವವರಿಗೆ ಹಿತ್ತಿಲಿಲ್ಲ. ಬಿಸಿಲು ಬೀಳುವ ಮೊಗಸಾಲೆಯೇ ಅವರ ತೋಟ. ಅಲ್ಲಿಗೆ ಹೆಚ್ಚು ಆರೈಕೆ ಬೇಡದ ಎಲೆಗಿಡ ಯಾವುದೆಂದು ಹಲವರು ಕೇಳುವುದುಂಟು. ನಮ್ಮ ಅಭಿಪ್ರಾಯದಲ್ಲಿ ಅಂಥ ಗಿಡಕ್ಕೆ ಎರಡು ಲಕ್ಷಣಗಳಿರಬೇಕು: ಅದು ನಮ್ಮ ಬಿಸಿಲಿಗೆ ಒಗ್ಗಬೇಕು, ಕುಂಡದಾಚೆಗೆ ಹಬ್ಬಬಾರದು. ಮೊದಲನೆಯದನ್ನು ಎಲ್ಲರೂ ನೋಡುತ್ತಾರೆ. ಎರಡನೆಯದನ್ನು ನೋಡುವವರು ವಿರಳ.

ಬಹುಪಾಲು ಸಸ್ಯಗಳು ಹಗಲಿನಲ್ಲಿ ಎಲೆಯ ಸೂಕ್ಷ್ಮರಂಧ್ರಗಳನ್ನು ತೆರೆದು ಇಂಗಾಲದ ಡೈಆಕ್ಸೈಡನ್ನು ಒಳಗೆಳೆಯುತ್ತವೆ. ಆಗ ಒಳಗಿನ ನೀರು ಆವಿಯಾಗಿ ಹೊರಬೀಳುತ್ತದೆ. ಕುಂಡದಲ್ಲಿರುವ ಹಿಡಿಮಣ್ಣು ಈ ನಷ್ಟವನ್ನು ತುಂಬಿಕೊಡಲಾರದು. ಒಣನಾಡಿನ ಕೆಲವು ಸಸ್ಯಗಳಾದರೋ ರಂಧ್ರಗಳನ್ನು ರಾತ್ರಿಯ ತಂಪಿನಲ್ಲಿ ತೆರೆದು, ಆ ಅನಿಲವನ್ನು ಆಮ್ಲರೂಪದಲ್ಲಿ ಕೂಡಿಟ್ಟು, ಹಗಲು ರಂಧ್ರಗಳನ್ನು ಮುಚ್ಚಿಕೊಂಡೇ ಆಹಾರ ತಯಾರಿಸುತ್ತವೆ. ಕೆಲಕಾಲ ಬೆಂಗಳೂರಿನ ಲಾಲ್‌ಬಾಗನ್ನು ನೋಡಿಕೊಂಡಿದ್ದ ಬೆಂಜಮಿನ್ ಹೈನೆ ಎಂಬ ಸಸ್ಯಶಾಸ್ತ್ರಜ್ಞರು, ಕಾಡುಬಸಳೆಯ ಎಲೆ ಮುಂಜಾನೆ ಹುಳಿಯಾಗಿದ್ದು ಹೊತ್ತೇರಿದಂತೆ ಸಪ್ಪೆಯಾಗುವುದನ್ನು ಗಮನಿಸಿದರು. ಅವರ ಬರಹ 1815ರಲ್ಲಿ ಲಂಡನ್ನಿನಲ್ಲಿ ಪ್ರಕಟವಾಯಿತು. ಕಾಲೇಜಿನ ವಿದ್ಯಾರ್ಥಿಗಳು ಎಲೆಯನ್ನು ತಿನ್ನದೆಯೇ ಇದನ್ನು ಪರೀಕ್ಷಿಸಬಹುದು: ಮುಂಜಾನೆ ಮತ್ತು ಸಂಜೆ ಕಿತ್ತ ಸಮತೂಕದ ಎಲೆಗಳ ರಸವನ್ನು ತಟಸ್ಥಗೊಳಿಸಲು ಎಷ್ಟೆಷ್ಟು ಕ್ಷಾರ ಬೇಕೆಂದು ಅಳೆದರೆ ಸಾಕು.

ಲೋಳೆಸರ, ಮಂಗರಬಳ್ಳಿ, ಕತ್ತಿಯಂತೆ ನೆಟ್ಟಗೆ ನಿಲ್ಲುವ ಮಂಜಿನ ನಾರು, ಇವು ಇದೇ ಬಗೆಯ ಮಿತವ್ಯಯಿಗಳು. ದಪ್ಪನೆಯ ಎಲೆಯ ದೊಡ್ಡಪತ್ರೆಯೂ ಸುಲಭವಾಗಿ ಬೆಳೆಯುತ್ತದೆ. ಬಣ್ಣ ಬೇಕೆನ್ನುವವರು ಕ್ರೋಟನ್ ಇಡಬಹುದು. ಅದಕ್ಕೆ ನೀರು ಹೆಚ್ಚು ಬೇಕು. ಕುಂಡದ ತಳದಲ್ಲಿ ತೂತಿರಲಿ, ಮಣ್ಣಿಗೆ ಮರಳು ಬೆರೆಸಿರಿ, ಮೇಲ್ಮಣ್ಣು ಒಣಗಿದ ಬಳಿಕವೇ ನೀರೆರೆಯಿರಿ. ಇಂಥ ಗಿಡಗಳಿಗೆ ಬಾಯಾರಿಕೆಗಿಂತ ಬೇರು ಕೊಳೆಯುವುದೇ ದೊಡ್ಡ ಅಪಾಯ. ನೆರಳಿನಲ್ಲಿ ಬೆಳೆದ ಗಿಡವನ್ನು ಒಮ್ಮೆಗೇ ಬಿಸಿಲಿಗಿಡದೆ ಕ್ರಮಕ್ರಮವಾಗಿ ಒಗ್ಗಿಸಬೇಕು.

ಇನ್ನು ಎರಡನೆಯ ಲಕ್ಷಣ. ಕಾಡುಬಸಳೆಯ ಒಂದು ಎಲೆ ನೆಲಕ್ಕೆ ಬಿದ್ದರೂ ಅದರ ಅಂಚಿನಿಂದ ಹೊಸ ಸಸಿಗಳು ಏಳುತ್ತವೆ. ಮಡಗಾಸ್ಕರಿನ ಈ ಗಿಡ ಹಲವು ದೇಶಗಳಲ್ಲಿ ಕಳೆಯಾಗಿ ಪರಿಣಮಿಸಿದೆ. ಆರೈಕೆಯಿಲ್ಲದೆ ಬದುಕುವುದು ನಮ್ಮ ಅಪ್ಪಣೆಯಿಲ್ಲದೆಯೂ ಬದುಕಬಲ್ಲದು! ಇದಕ್ಕೆ ದೊಡ್ಡ ನಿದರ್ಶನವನ್ನು ಹನೂರು ತಾಲ್ಲೂಕಿನ ರಾಮಾಪುರದವರು ದೂರ ಹೋಗಿ ಹುಡುಕಬೇಕಾಗಿಲ್ಲ. ಮಲೆ ಮಹದೇಶ್ವರ ಬೆಟ್ಟದ ಕಾಡಿನಲ್ಲಿ ಲಂಟಾನ ಪೊದೆ ಹೆಣೆದುಕೊಂಡು ನಿಂತಿದೆ. ಅಮೆರಿಕ ಖಂಡದ ಈ ಗಿಡ 19ನೆಯ ಶತಮಾನದ ಆರಂಭದಲ್ಲಿ ಭಾರತಕ್ಕೆ ಬಂದದ್ದು ಕಳೆಯಾಗಿ ಅಲ್ಲ, ತೋಟದ ಅಲಂಕಾರಕ್ಕಾಗಿ. ಹಕ್ಕಿಗಳು ಅದರ ಹಣ್ಣು ತಿಂದು ಬೀಜವನ್ನು ಕಾಡಿಗೆ ಒಯ್ದವು. ಪೊದೆಯ ಕೆಳಗೆ ಹುಲ್ಲು ಸೊರಗಿತು. ಕಾಡುಪ್ರಾಣಿಗಳ ಮೇವು ಕುಗ್ಗಿತು. ಬೆಟ್ಟದ ಸೋಲಿಗರು ಲಂಟಾನದ ಕಡ್ಡಿಗಳಿಂದ ಕುರ್ಚಿ ಮೊದಲಾದುವನ್ನು ಹೆಣೆಯುವುದನ್ನು ಕಲಿತು ಜೀವನೋಪಾಯ ಮಾಡಿಕೊಂಡಿರುವುದು ಸ್ತುತ್ಯವೇ ಸರಿ. ಆದರೂ ಲಂಟಾನ ಇನ್ನೂ ಕಾಡನ್ನು ಬಿಟ್ಟಿಲ್ಲ.

ಆದಕಾರಣ ಕಾಡಿನ ಅಂಚಿನ ಊರುಗಳಲ್ಲಿ ಗಿಡದ ಆಯ್ಕೆ ಕೇವಲ ಸೊಬಗಿನ ವಿಷಯವಲ್ಲವೆಂದು ನಾವು ಭಾವಿಸುತ್ತೇವೆ. ಸಸಿಯನ್ನು ಮನೆಗೆ ತರುವ ಮುನ್ನ ಅದರ ತೌರೂರು ಯಾವುದು, ಅದು ಹೇಗೆ ಹಬ್ಬುತ್ತದೆ ಎಂದು ಕೇಳಿ ತಿಳಿಯಿರಿ. ಕತ್ತರಿಸಿದ ರೆಂಬೆ, ಬೇಡವಾದ ಕುಂಡದ ಗಿಡ ಇವನ್ನು ಹಳ್ಳಕ್ಕಾಗಲಿ ಕಾಡಂಚಿಗಾಗಲಿ ಎಸೆಯಬೇಡಿರಿ. ಮಂಗರಬಳ್ಳಿ, ಮಂಜಿನ ನಾರಿನಂಥ ಈ ನೆಲದ ಗಿಡಗಳೇ ಮೊಗಸಾಲೆಯನ್ನು ತಂಪಾಗಿಡಬಲ್ಲವಾದರೆ, ಕಾಡಿಗೆ ಕೇಡಾಗಬಹುದಾದ ಅಂದವನ್ನು ದೂರದಿಂದ ತರುವುದೇಕೆ?