ಗುರುವಿನ ದೃಷ್ಟಿ ಮತ್ತು ದೂರದ ಪಾಠ



ವಿದ್ಯೆಯು ಪುಸ್ತಕದಿಂದ ಮಸ್ತಕಕ್ಕೆ ತಾನಾಗಿ ಹರಿದು ಬರುವ ವಸ್ತುವಲ್ಲ. ಅದನ್ನು ತಲುಪಿಸಲು ಗುರು ಬೇಕು. ಅದು ತಲುಪಿತೇ ಇಲ್ಲವೇ ಎಂಬುದನ್ನು ಶಿಷ್ಯನ ಮುಖ ನೋಡಿ ಅರಿಯಲು ಆ ಗುರುವಿನ ಕಣ್ಣು ಬೇಕು. ನಮ್ಮ ದೀಕ್ಷಾಸಂಸ್ಕಾರದಲ್ಲಿ ಗುರುವು ಶಿಷ್ಯನ ಶಿರಸ್ಸಿನ ಮೇಲೆ ಕರವನ್ನಿರಿಸುವ ಹಸ್ತಮಸ್ತಕ ಸಂಯೋಗವೆಂಬ ಕ್ರಮವುಂಟು. ಸಾನ್ನಿಧ್ಯವೂ ಉಪದೇಶದ ಅಂಗವೆಂಬುದನ್ನು ಹಿರಿಯರು ಬಲ್ಲವರಾಗಿದ್ದರು. ಅಕ್ಷರವಿದ್ಯೆಗೂ ಈ ಮಾತು ಸಲ್ಲುವುದೆಂಬುದನ್ನು ಕೊರೋನಾ ಕಾಲವು ನಮಗೆ ಮನದಟ್ಟು ಮಾಡಿಕೊಟ್ಟಿತು.

2020ರ ಮಾರ್ಚ್ ತಿಂಗಳಲ್ಲಿ ಶಾಲೆಗಳ ಬಾಗಿಲು ಮುಚ್ಚಿದವು. ಪಾಠವು ಮೊಬೈಲ್ ಫೋನಿಗೂ ದೂರದರ್ಶನದ ಚಂದನ ವಾಹಿನಿಗೂ ಏರಿತು. ಆ ವರ್ಷದ ಜೂನ್‌ನಲ್ಲಿ ರಾಜ್ಯ ಸರ್ಕಾರವು ಐದನೆಯ ತರಗತಿಯವರೆಗಿನ ಮಕ್ಕಳಿಗೆ ಆನ್‌ಲೈನ್ ತರಗತಿ ಕೂಡದೆಂದು ಆದೇಶಿಸಿತು. ಜುಲೈ 8ರಂದು ಹೈಕೋರ್ಟ್ ಅದಕ್ಕೆ ತಡೆ ನೀಡಿತು. ಆದರೆ ಅಂಥ ತರಗತಿಯನ್ನು ಕಡ್ಡಾಯಗೊಳಿಸುವ ಹಕ್ಕು ಶಾಲೆಗಳಿಗೆ ದೊರೆಯಿತೆಂದು ಭಾವಿಸಬಾರದೆಂದೂ ಸ್ಪಷ್ಟಪಡಿಸಿತು. ಎರಡು ಕಡೆಯಲ್ಲಿಯೂ ಹುರುಳಿತ್ತು. ಎಳೆಯ ಮಗು ಗಂಟೆಗಟ್ಟಲೆ ತೆರೆಯ ಮುಂದೆ ಕೂರಬಾರದು; ಹಾಗೆಂದು ಅದರ ಕಲಿಕೆ ನಿಲ್ಲಲೂಬಾರದು.

ದೊಡ್ಡಬಳ್ಳಾಪುರ ತಾಲ್ಲೂಕಿನ ಸಾಸಲು ಹೋಬಳಿಯಂಥ ಕಡೆ ಈ ಪ್ರಶ್ನೆಯ ರೂಪವೇ ಬೇರೆ. ಇರುವುದೊಂದೇ ಫೋನಾದ ಮನೆಯಲ್ಲಿ ಅದು ಬೆಳಿಗ್ಗೆ ತಂದೆಯೊಡನೆ ಹೊಲಕ್ಕೋ, ದೊಡ್ಡಬಳ್ಳಾಪುರದ ಮಗ್ಗಕ್ಕೋ, ಸಿದ್ಧ ಉಡುಪಿನ ಕಾರ್ಖಾನೆಗೋ ಹೊರಟುಹೋದರೆ ಮಗುವಿನ ತರಗತಿಯೂ ಅದರೊಡನೆ ಹೊರಟುಹೋದಂತೆ. ಸಂಜೆ ಫೋನು ಮನೆಗೆ ಮರಳಿದಾಗ ಪಾಠವೇನೋ ಅದರಲ್ಲಿರುತ್ತದೆ. ಸಂದೇಹ ಕೇಳಲು ಗುರುಗಳಿರುವುದಿಲ್ಲ.

ಈ ಕೊರತೆಯನ್ನು ಕಂಡೇ 2020ರ ಆಗಸ್ಟ್‌ನಲ್ಲಿ ಶಿಕ್ಷಣ ಇಲಾಖೆಯು ವಿದ್ಯಾಗಮವೆಂಬ ಯೋಜನೆಯನ್ನು ತಂದಿತು. ಯಾವ ಸಾಧನವೂ ಇಲ್ಲದವರು, ಸಾಮಾನ್ಯ ಫೋನು ಉಳ್ಳವರು, ಅಂತರ್ಜಾಲದ ಅನುಕೂಲವಿರುವವರು ಎಂದು ಮಕ್ಕಳನ್ನು ಮೂರು ಬಗೆಯಾಗಿ ಗುರುತಿಸಿ, ಶಿಕ್ಷಕರೇ ಅವರಿದ್ದಲ್ಲಿಗೆ ಹೋಗಬೇಕೆಂದು ವಿಧಿಸಿತು. ದೇವಾಲಯದ ಜಗಲಿಯಲ್ಲಿ, ಸಮುದಾಯ ಭವನದಲ್ಲಿ, ಮರದ ನೆರಳಿನಲ್ಲಿ ಪಾಠಗಳು ನಡೆದವು. ಸೋಂಕು ಹರಡಿದ ವರದಿಗಳಿಂದ ಅಕ್ಟೋಬರ್‌ನಲ್ಲಿ ಅದನ್ನು ನಿಲ್ಲಿಸಬೇಕಾಯಿತು. 2021ರ ಜನವರಿ 1ರಿಂದ ಆರರಿಂದ ಒಂಬತ್ತನೆಯ ತರಗತಿಯವರೆಗಿನ ಮಕ್ಕಳಿಗೆ ಮತ್ತೆ ಆರಂಭವಾಯಿತು. ಯಂತ್ರವು ತಲುಪದಲ್ಲಿಗೆ ಕಾಲ್ನಡಿಗೆಯಲ್ಲಿ ಹೋದ ಆ ಶಿಕ್ಷಕರನ್ನು ನಾವು ಕೃತಜ್ಞತೆಯಿಂದ ನೆನೆಯಬೇಕು.

ಹೆಚ್ಚಿನ ನಷ್ಟವಾದದ್ದು ಚಿಕ್ಕ ಮಕ್ಕಳಿಗೆ. ನಮ್ಮ ರಾಜ್ಯದಲ್ಲಿ ಒಂದರಿಂದ ಐದರವರೆಗಿನ ತರಗತಿಗಳು ಮರಳಿ ತೆರೆದದ್ದು 2021ರ ಅಕ್ಟೋಬರ್ 25ರಂದು. 2020ರಲ್ಲಿ ಒಂದನೆಯ ತರಗತಿಗೆ ಸೇರಿದ ಮಗುವು ತರಗತಿಯ ಕೊಠಡಿಯಲ್ಲಿ ಗುರುವಿನೆದುರು ಕುಳಿತದ್ದು ಎರಡನೆಯ ತರಗತಿಯ ನಡುವಿನಲ್ಲಿ! 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಮೊದಲಾದ ನಲಿ-ಕಲಿ ಪದ್ಧತಿಯಲ್ಲಿ ಶಿಕ್ಷಕರು ಮಕ್ಕಳ ಗುಂಪಿನ ನಡುವೆ ಕುಳಿತು, ಯಾವ ಮಗು ಕಲಿಕೆಯ ಯಾವ ಮೆಟ್ಟಿಲಿನಲ್ಲಿದೆಯೆಂದು ನೋಡಿ ಮುಂದಕ್ಕೆ ನಡೆಸುತ್ತಾರೆ. ಅಕ್ಷರ ತಿದ್ದುವ ಬೆರಳನ್ನು ಹಿಡಿದು ತಿರುಗಿಸುವ ಕೆಲಸವನ್ನು ಫೋನು ಮಾಡಬಲ್ಲುದೆ?

ಮಠದ ಪಾಠಶಾಲೆಯಲ್ಲಿ ನಾವು ಅಮರಕೋಶವನ್ನು ಒಪ್ಪಿಸುವಾಗ ಗುರುಗಳು ಪುಸ್ತಕವನ್ನು ನೋಡುತ್ತಿರಲಿಲ್ಲ, ನಮ್ಮ ಮುಖವನ್ನು ನೋಡುತ್ತಿದ್ದರು. ನಿತ್ಯ ಸರಾಗವಾಗಿ ಹೇಳುವವನು ಒಂದು ದಿನ ತಡವರಿಸಿದರೆ, ‘ಮೈ ಸರಿಯಿಲ್ಲವೇನಪ್ಪಾ? ಊರಿನಿಂದ ಕಾಗದ ಬರಲಿಲ್ಲವೇ?’ ಎಂದು ವಿಚಾರಿಸುತ್ತಿದ್ದರು. ತಪ್ಪನ್ನು ಯಂತ್ರವೂ ಎತ್ತಿ ತೋರಿಸೀತು. ತಪ್ಪಿನ ಹಿಂದಿರುವ ನೋವನ್ನು ಕಾಣಲು ಶಿಷ್ಯನನ್ನು ಬಲ್ಲ ಗುರುವೇ ಆಗಬೇಕು.

‘ಏಕಲವ್ಯನು ಮಣ್ಣಿನ ಪ್ರತಿಮೆಯ ಮುಂದೆಯೇ ಬಿಲ್ವಿದ್ಯೆಯನ್ನು ಸಾಧಿಸಲಿಲ್ಲವೇ?’ ಎಂದು ಕೆಲವರು ಕೇಳಬಹುದು. ಸಾಧಿಸಿದನು, ನಿಜ. ಆದರೆ ಅಂಥ ಛಲವುಳ್ಳವನು ಸಾವಿರಕ್ಕೊಬ್ಬ. ಶಾಲೆಯಿರುವುದು ಉಳಿದವರಿಗಾಗಿಯೂ ಹೌದು. ಮೇಲಾಗಿ ಆ ಕಥೆಯ ಕೊನೆಯನ್ನು ಮರೆಯಬಾರದು. ಶಿಷ್ಯನಿಗೆ ಗುರುವಿನ ಮೇಲೆ ಅಪಾರ ಭಕ್ತಿಯಿತ್ತು. ಗುರುವು ಅವನನ್ನು ಶಿಷ್ಯನೆಂದು ಸ್ವೀಕರಿಸಿರಲೇ ಇಲ್ಲ. ಕಣ್ಣೆದುರಿನಲ್ಲಿ ಬೆಳೆಯದ ಹುಡುಗನ ಹೆಬ್ಬೆರಳನ್ನು ಕೇಳಲು ದ್ರೋಣನಿಗೆ ನಾಲಿಗೆ ತಡೆಯಲಿಲ್ಲ. ಸಂಬಂಧವು ಒಂದೇ ಕಡೆಯದಾದರೆ ಹಾನಿ ಶಿಷ್ಯನಿಗೇ.

ಹಾಗೆಂದು ಆನ್‌ಲೈನ್ ಶಿಕ್ಷಣವನ್ನು ಹಳಿಯುವುದು ಈ ಲೇಖನದ ಉದ್ದೇಶವಲ್ಲ. ಕಾಯಿಲೆಯಿಂದ ಮಲಗಿದ ಮಗುವಿಗೆ, ಗಣಿತ ವಿಜ್ಞಾನಗಳಿಗೆ ಅಧ್ಯಾಪಕರು ದೊರೆಯದ ಊರಿಗೆ ಅದು ಉಪಕಾರಿ. ಅರ್ಥವಾಗದ ಪಾಠವನ್ನು ಮತ್ತೆ ಮತ್ತೆ ಕೇಳುವ ಸೌಕರ್ಯವೂ ಅಲ್ಲಿದೆ. ಶಾಲೆಗಳು ತೆರೆದ ಮೇಲೂ ಮನೆಪಾಠ, ಪರೀಕ್ಷೆಯ ತರಬೇತಿಗಳು ಫೋನಿನಲ್ಲಿ ಉಳಿದುಕೊಂಡಿವೆ. ಆದ್ದರಿಂದ ಅದರ ನಡುವೆಯೂ ಗುರುಶಿಷ್ಯ ಸಂಬಂಧವನ್ನು ಕಾಪಾಡುವುದು ಹೇಗೆಂದು ಯೋಚಿಸುವುದೇ ವಿವೇಕ.

ಶಿಕ್ಷಕರು ಪಾಠ ಹೇಳಿ ಮುಗಿಸುವ ಮೊದಲು ದಿನಕ್ಕೆ ನಾಲ್ಕೈದು ಮಕ್ಕಳನ್ನಾದರೂ ಹೆಸರು ಹಿಡಿದು ಮಾತನಾಡಿಸಲಿ. ಎರಡು ದಿನ ಕಾಣಿಸದ ಮಗುವಿನ ಮನೆಗೆ ತಾವೇ ಕರೆ ಮಾಡಲಿ. ತಾಯಂದಿರು ಮಗುವಿನ ಕೈಗೆ ಫೋನು ಕೊಟ್ಟು ಅಡುಗೆಮನೆಗೆ ಹೋಗಿಬಿಡದೆ, ‘ಇವತ್ತು ನಿನ್ನ ಗುರುಗಳು ಏನು ಹೇಳಿಕೊಟ್ಟರು? ನೀನೇನು ಕೇಳಿದೆ?’ ಎಂದು ಸಂಜೆ ವಿಚಾರಿಸಲಿ. ತಿಂಗಳಿಗೊಮ್ಮೆ ತಂದೆಯಾದವರು ಶಾಲೆಗೆ ಹೋಗಿ, ಅಂಕಗಳ ಮಾತನ್ನು ಬದಿಗಿರಿಸಿ, ಮಗನ ಅಥವಾ ಮಗಳ ಸ್ವಭಾವವನ್ನು ಕುರಿತು ಶಿಕ್ಷಕರೊಡನೆ ಸಮಾಧಾನದಿಂದ ಮಾತನಾಡಲಿ. ಊರಿನಲ್ಲಿ ಓದಿದ ತರುಣರು ಸಂಜೆಯ ಒಂದು ಗಂಟೆ ಮಠದಲ್ಲಿಯೋ ದೇವಾಲಯದ ಅಂಗಳದಲ್ಲಿಯೋ ಕುಳಿತು, ಫೋನಿನ ಪಾಠ ಅರ್ಥವಾಗದ ಮಕ್ಕಳಿಗೆ ಬಿಡಿಸಿ ಹೇಳಲಿ. ಇದಕ್ಕೆ ಯಾರ ಅನುದಾನವೂ ಬೇಕಿಲ್ಲ.

ಅಂದು ಒಂದನೆಯ ತರಗತಿಯನ್ನು ಮನೆಯಲ್ಲಿಯೇ ಕಳೆದ ಮಕ್ಕಳು ನಮ್ಮ ನಿಮ್ಮ ಮನೆಗಳಲ್ಲಿಯೇ ದೊಡ್ಡವರಾಗುತ್ತಿದ್ದಾರೆ. ಓದಿನಲ್ಲಿ ಅವರು ಎಡವಿದಾಗ ದಡ್ಡರೆಂದು ಜರೆಯುವ ಮೊದಲು, ಅವರಿಗೆ ದೊರೆಯಬೇಕಾಗಿದ್ದ ಗುರುಸಾನ್ನಿಧ್ಯವು ದೊರೆಯಲಿಲ್ಲವೆಂಬುದನ್ನು ನೆನೆಯೋಣ. ಅದನ್ನು ಈಗಲಾದರೂ ದೊರಕಿಸಿಕೊಡೋಣ.